ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮರಳುವ ಗಡಿ

ಒಂದು ಗಡಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನನ್ನ ಬಳಿ ಒಂದೇ ಅಳತೆಗೋಲು ಇದೆ. ಬೆಳಿಗ್ಗೆ ಚಾ ಕುಡಿದು ಹೊರಟವರು ಆಚೆ ಕಡೆ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಅದು ಮನುಷ್ಯರನ್ನು ಬದುಕಲು ಬಿಡುವ ಗಡಿ. ಆಗದಿದ್ದರೆ, ನಕಾಶೆಯಲ್ಲಿ ಎಷ್ಟೇ ತೆಳ್ಳಗಿನ ಗೆರೆಯಾಗಿದ್ದರೂ ಅದು ಗೋಡೆ. ತಲಪಾಡಿಯ ಆಚೆ ಈಚೆ ಸಂಬಂಧ ಬೆಳೆಸಿದ ನಮ್ಮ ಬ್ಯಾರಿ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಮನೆ ಉಪ್ಪಳದಲ್ಲಿ, ಸೊಸೆಯ ತವರು ತೊಕ್ಕೊಟ್ಟಿನಲ್ಲಿ, ಮಗನ ಕಾಲೇಜು ದೇರಳಕಟ್ಟೆಯಲ್ಲಿ, ಉಮ್ಮನ ಡಾಕ್ಟರ್ ಮಂಗಳೂರಿನಲ್ಲಿ. ನಮ್ಮ ಸಂಸಾರಗಳು ಹೀಗೆಯೇ ಹರಡಿಕೊಂಡಿವೆ.

ನಾನಿಲ್ಲಿ ಹೇಳಹೊರಟಿರುವುದು ದೂರದ ಒಂದು ರೈಲು ಪ್ರಯಾಣದ ವಿಷಯ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಿಂದ ಪಕ್ಕದ ದೇಶ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರಯಾಣ. ವಿಯೆನ್ನಾದಲ್ಲಿ ಓದುತ್ತಿರುವ ತಂಗಿಯ ಮಗನ ಜೊತೆ ನಾನೂ ಹೋಗಿ ಬಂದೆ. ಎರಡು ರಾಜಧಾನಿಗಳ ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಮಂಗಳೂರಿನಿಂದ ಕಾಸರಗೋಡಿಗೆ ರೈಲಿನಲ್ಲಿ 46 ಕಿಲೋಮೀಟರ್ ಎಂದು ನೆನಪಿಟ್ಟುಕೊಳ್ಳಿ. ಮಂಗಳೂರಿನಿಂದ ಹೊರಟರೆ ಕಾಞಂಗಾಡು ಮುಟ್ಟುವ ಮೊದಲೇ ಇನ್ನೊಂದು ದೇಶದ ರಾಜಧಾನಿ ಬಂದುಬಿಟ್ಟ ಹಾಗೆ.

ಮೊದಲು ಹೋಗುವವರಿಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ವಿಯೆನ್ನಾದ ಮುಖ್ಯ ರೈಲು ನಿಲ್ದಾಣದಿಂದ ಎರಡು ದಾರಿಗಳಿವೆ. ಒಂದು ಮಾರ್ಖೆಗ್ ಎಂಬ ಊರಿನ ಮೂಲಕ ಬ್ರಾಟಿಸ್ಲಾವಾದ ಮುಖ್ಯ ನಿಲ್ದಾಣಕ್ಕೆ, ಇನ್ನೊಂದು ಕಿಟ್ಸೆ ಎಂಬ ಗಡಿಯೂರಿನ ಮೂಲಕ ಡ್ಯಾನ್ಯೂಬ್ ನದಿಯ ದಕ್ಷಿಣ ದಡದ ಪೆಟ್ರ್‌ಝಾಲ್ಕಾಕ್ಕೆ. ಎರಡೂ ಒಂದು ಗಂಟೆಯ ಆಸುಪಾಸಿನ ಪ್ರಯಾಣ. ಹೋಗಿ ಬರುವುದಕ್ಕೆ ಒಂದೇ ರಿಯಾಯಿತಿ ಟಿಕೆಟ್ ಸಿಗುತ್ತದೆ. ಆ ಟಿಕೆಟ್ಟಿನಲ್ಲೇ ಬ್ರಾಟಿಸ್ಲಾವಾದ ಸಿಟಿ ಬಸ್ಸು, ಟ್ರಾಮ್‌ಗಳಲ್ಲಿ ಆ ದಿನ ಓಡಾಡಬಹುದು. ಅಂದರೆ ಒಂದು ದೇಶದ ರೈಲು ಕಂಪನಿ ಮಾರಿದ ಟಿಕೆಟ್ಟನ್ನು ಇನ್ನೊಂದು ದೇಶದ ನಗರದ ಬಸ್ಸು ಒಪ್ಪಿಕೊಳ್ಳುತ್ತದೆ. ಈ ಸಣ್ಣ ವಿಷಯವನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ. ಎರಡೂ ದೇಶಗಳು ಶೆಂಗನ್ ವ್ಯವಸ್ಥೆಯಲ್ಲಿ ಇರುವುದರಿಂದ ನಮ್ಮವರಿಗೆ ಒಂದೇ ವೀಸಾ ಸಾಕು. ಎರಡನೇ ಸಲ ಪ್ರವೇಶದ ಪ್ರಶ್ನೆಯೇ ಬರುವುದಿಲ್ಲ. ಪಾಸ್‌ಪೋರ್ಟ್ ಮಾತ್ರ ಕಿಸೆಯಲ್ಲಿರಲಿ. ಈಚಿನ ವರ್ಷಗಳಲ್ಲಿ ಆಗಾಗ ತಪಾಸಣೆ ನಡೆಯುತ್ತದೆ, ಬಣ್ಣ ಬೇರೆಯಿದ್ದವರನ್ನು ಮೊದಲು ಕೇಳುತ್ತಾರೆ ಎಂಬುದು ಅಲ್ಲಿರುವ ಹುಡುಗರ ಅನುಭವ.

ಮಾರ್ಖೆಗ್ ದಾರಿಯಲ್ಲಿ ವಿಯೆನ್ನಾ ಬಿಟ್ಟ ಮೇಲೆ ಚಪ್ಪಟೆಯಾದ ಹೊಲಗಳು, ಗಾಳಿಯಂತ್ರಗಳು. ಕೊನೆಗೆ ಮೊರಾವಾ ನದಿ. ಅಗಲದಲ್ಲಿ ನಮ್ಮ ನೇತ್ರಾವತಿಯ ಮುಂದೆ ಅದು ಏನೂ ಅಲ್ಲ. ರೈಲು ಸೇತುವೆ ದಾಟುತ್ತದೆ. ಯಾರೂ ಬಂದು ಏನೂ ಕೇಳಲಿಲ್ಲ. ಮೊಬೈಲಿಗೆ ‘ಸ್ಲೊವಾಕಿಯಾಕ್ಕೆ ಸ್ವಾಗತ’ ಎಂಬ ಸಂದೇಶ ಬಂತು. ಆಗಷ್ಟೇ ದೇಶ ಬದಲಾಗಿದೆ ಎಂದು ಗೊತ್ತಾದದ್ದು. ಮಂಜೇಶ್ವರ ಸಮೀಪಿಸುವಾಗ ನಮ್ಮ ಮೊಬೈಲಿಗೂ ಕೇರಳದ ಸಂದೇಶ ಬರುತ್ತದಲ್ಲ, ಹಾಗೆಯೇ.

ಆದರೆ ಈ ನದಿ ಯಾವಾಗಲೂ ಇಷ್ಟು ಸುಲಭದ್ದಾಗಿರಲಿಲ್ಲ. ಮಾರ್ಖೆಗ್ ಮೂಲಕ ಇಲ್ಲಿ ರೈಲು ಬಂದದ್ದು 1848ರಲ್ಲಿ. ಆಗ ಎರಡೂ ಊರುಗಳು ಒಬ್ಬನೇ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದವು. ಬ್ರಾಟಿಸ್ಲಾವಾದ ಹೆಸರು ಆಗ ಜರ್ಮನ್ನರಿಗೆ ಪ್ರೆಸ್‌ಬುರ್ಗ್, ಹಂಗೇರಿಯನ್ನರಿಗೆ ಪೊಝೊನಿ, ಸ್ಲೊವಾಕರಿಗೆ ಪ್ರೆಶ್‌ಪೊರೊಕ್. 1914ರಲ್ಲಿ ವಿಯೆನ್ನಾದಿಂದ ಇನ್ನೊಂದು ವಿದ್ಯುತ್ ರೈಲು ಬಂತು. ಅದು ಎರಡೂ ಪೇಟೆಗಳ ಒಳಗೆ ಟ್ರಾಮಿನ ಹಾಗೆ ಬೀದಿಯಲ್ಲೇ ಓಡುತ್ತಿತ್ತು. ಸಂಜೆ ವಿಯೆನ್ನಾದಲ್ಲಿ ಒಪೆರಾ ನೋಡಿ ರಾತ್ರಿ ಮನೆಗೆ ಮರಳುತ್ತಿದ್ದರು ಎಂಬ ಮಾತು ಊರಿನಲ್ಲಿ ಈಗಲೂ ಇದೆ. 1918ರಲ್ಲಿ ಸಾಮ್ರಾಜ್ಯ ಮುರಿದು ಹೊಸ ದೇಶಗಳು ಹುಟ್ಟಿದವು. ಊರು ಚೆಕೊಸ್ಲೊವಾಕಿಯಾಕ್ಕೆ ಸೇರಿ 1919ರಲ್ಲಿ ಬ್ರಾಟಿಸ್ಲಾವಾ ಎಂಬ ಹೆಸರು ಪಡೆಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಟ್ರಾಮ್ ದಾರಿ ಇರಲಿಲ್ಲ. ಅದಾದ ಮೇಲೆ ಇದೇ ಮೊರಾವಾ ದಡದಲ್ಲಿ ಮುಳ್ಳುತಂತಿ ಬಂತು, ಕಾವಲು ಗೋಪುರಗಳು ಬಂದವು, ಬಂದೂಕು ಬಂತು.

ಬ್ರಾಟಿಸ್ಲಾವಾದಿಂದ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಡೆವೀನ್ ಎಂಬ ಪಾಳುಕೋಟೆಗೆ ಹೋಗಬಹುದು. ನೆಪೋಲಿಯನ್ನನ ಸೈನಿಕರು 1809ರಲ್ಲಿ ಸಿಡಿಸಿದ ಕೋಟೆ ಅದು. ಕೆಳಗೆ ಮೊರಾವಾ ಬಂದು ಡ್ಯಾನ್ಯೂಬನ್ನು ಸೇರುತ್ತದೆ, ಆಚೆ ದಡ ಆಸ್ಟ್ರಿಯಾ. ನದಿ ದಡದಲ್ಲಿ ಒಂದು ಸ್ಮಾರಕವಿದೆ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಚೆಕೊಸ್ಲೊವಾಕಿಯಾದ ಗಡಿ ದಾಟಲು ಹೋಗಿ ಸತ್ತ ಸುಮಾರು 400 ಜನರ ನೆನಪಿಗಾಗಿ ಕಟ್ಟಿದ್ದು. ಮಕ್ಕಳನ್ನು ಕರೆದುಕೊಂಡು ಹೋದರೆ ಪೇಟೆಯ ಅಂಗಡಿ ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ, ಈ ಜಾಗವನ್ನು ತೋರಿಸಿ. ಆಚೆ ದಡದಲ್ಲಿ ನಡೆಯುವವರ ಮುಖ ಕಾಣುವಷ್ಟು ಹತ್ತಿರ. ಆ ಹತ್ತಿರಕ್ಕೆ ಹೋಗಲು ಜನ ಪ್ರಾಣ ಕೊಟ್ಟರು.

1989ರ ನವೆಂಬರಿನಲ್ಲಿ ಆ ಆಡಳಿತ ಕುಸಿಯಿತು. ಡಿಸೆಂಬರ್ 10ರಂದು ಬ್ರಾಟಿಸ್ಲಾವಾದಿಂದ ಲಕ್ಷದಷ್ಟು ಜನ ಗಡಿ ದಾಟಿ ಆಸ್ಟ್ರಿಯಾದ ಹೈನ್‌ಬುರ್ಗ್ ಎಂಬ ಪಕ್ಕದ ಊರಿಗೆ ನಡೆದುಕೊಂಡು ಹೋದರು. ಅಲ್ಲೇ ನೆಲೆಸಲು ಹೋದವರಲ್ಲ, ಹೋಗಿ ನೋಡಿ ಸಂಜೆಗೆ ಮನೆಗೆ ಬಂದರು. ಸ್ವಾತಂತ್ರ್ಯದ ರುಚಿ ನೋಡಲು ಅವರು ಮೊದಲು ಮಾಡಿದ್ದು ಒಂದು ದಿನದ ಪ್ರಯಾಣ! 1993ರ ಜನವರಿ 1ರಂದು ಸ್ಲೊವಾಕಿಯಾ ಪ್ರತ್ಯೇಕ ದೇಶವಾಯಿತು. 2007ರ ಡಿಸೆಂಬರ್ 21ರಂದು ಗಡಿಯ ನಿತ್ಯ ತಪಾಸಣೆ ನಿಂತಿತು. 2009ರಿಂದ ಎರಡೂ ಕಡೆ ಒಂದೇ ಹಣ, ಯೂರೋ. 2012ರಲ್ಲಿ ಮೊರಾವಾ ಮೇಲೆ ಸೈಕಲ್ ಮತ್ತು ಕಾಲ್ನಡಿಗೆಗೆಂದೇ ಒಂದು ಸೇತುವೆ ಬಂತು. ಹೆಸರಿಡಲು ಜನರ ಮತ ಕೇಳಿದರೆ ಹೆಚ್ಚು ಓಟು ಬಿದ್ದದ್ದು ಸಿನಿಮಾ ನಟ ಚಕ್ ನೋರಿಸ್ ಹೆಸರಿಗೆ. ಅಧಿಕಾರಿಗಳು ಕಡೆಗೆ ‘ಸ್ವಾತಂತ್ರ್ಯ ಸೇತುವೆ’ ಎಂದೇ ಇಟ್ಟರು. ಗಡಿಯ ಮೇಲೆ ಜನ ತಮಾಷೆ ಮಾಡಲು ಶುರು ಮಾಡಿದರೆ ಆ ಗಡಿಯ ಭಯ ಹೋಗಿದೆ ಎಂದು ಅರ್ಥ.

ಇನ್ನು ಊರು. ಒಂದು ದಿನಕ್ಕೆ ಸರಿಯಾಗಿ ಸಾಕಾಗುವ ಊರು. ಬೆಟ್ಟದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಗೋಪುರವಿರುವ ಬಿಳಿ ಕೋಟೆ. ಅದರ ಕೆಳಗೆ ಸೇಂಟ್ ಮಾರ್ಟಿನ್ ಚರ್ಚು. 1563ರಿಂದ 1830ರವರೆಗೆ ಹಂಗೇರಿಯ ರಾಜ ರಾಣಿಯರಿಗೆ ಕಿರೀಟ ತೊಡಿಸಿದ್ದು ಅಲ್ಲಿ, ಮರಿಯಾ ಥೆರೇಸಾಗೆ 1741ರಲ್ಲಿ. ಹಳೆಯ ಪೇಟೆಯ ಓಣಿಯಲ್ಲಿ ಮ್ಯಾನ್‌ಹೋಲಿನಿಂದ ತಲೆ ಹೊರಹಾಕಿ ನಗುವ ಕಂಚಿನ ಕೆಲಸಗಾರನ ಜೊತೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಚರ್ಚಿನ ಪಕ್ಕದಲ್ಲೇ ಯಹೂದಿಗಳ ಪ್ರಾರ್ಥನಾಲಯವೊಂದಿತ್ತು. ನದಿಗೆ ಹೊಸ ಸೇತುವೆ ಕಟ್ಟುವಾಗ ಅದನ್ನೂ ಹಳೆಯ ಯಹೂದಿ ಕೇರಿಯನ್ನೂ ಕೆಡವಿದರು. ಸೇತುವೆ 1972ರಲ್ಲಿ ಮುಗಿಯಿತು. ಈಗ ಆ ಜಾಗದಲ್ಲಿ ಕಪ್ಪು ಗೋಡೆಯ ಮೇಲೆ ಆ ಪ್ರಾರ್ಥನಾಲಯದ ಚಿತ್ರ ಮಾತ್ರ ಇದೆ. ಊಟಕ್ಕೆ ಕುಳಿತರೆ ಒಂದು ಎಚ್ಚರ. ಆಲೂಗಡ್ಡೆ ಹಿಟ್ಟಿನ ಉಂಡೆಗೆ ಕುರಿಹಾಲಿನ ಚೀಸ್ ಹಾಕಿ ಕೊಡುವ ಅಲ್ಲಿನ ಹೆಸರಾಂತ ತಿಂಡಿಯ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ. ಮೊದಲೇ ಕೇಳಿ, ಸಂಶಯವಿದ್ದರೆ ಮೀನು ಅಥವಾ ಸೂಪು ತಗೊಳ್ಳಿ.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕೋಟೆಯಲ್ಲ, ಭಾಷೆ. 1910ರ ಜನಗಣತಿಯಲ್ಲಿ ಈ ಊರಿನಲ್ಲಿ ಜರ್ಮನ್ ಮಾತಾಡುವವರು ನೂರಕ್ಕೆ ಸುಮಾರು 42, ಹಂಗೇರಿಯನ್ ಮಾತಾಡುವವರು ಸುಮಾರು 40, ಸ್ಲೊವಾಕ್ ಮಾತಾಡುವವರು ಸುಮಾರು 15. ಅಂಗಡಿಯವನಿಗೆ ಮೂರೂ ಭಾಷೆ ಬೇಕಿತ್ತು. ಸಪ್ತಭಾಷಾ ಸಂಗಮ ಎಂದು ಕರೆಸಿಕೊಳ್ಳುವ ಕಾಸರಗೋಡಿನ ಯಾವುದೇ ಪೇಟೆಯಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ ನಾಲ್ಕನ್ನೂ ಒಂದೇ ಗಿರಾಕಿಯ ಎದುರು ಬದಲಿಸಿ ಆಡುವ ನಮ್ಮ ವ್ಯಾಪಾರಿಗಳನ್ನು ನೆನೆಯಿರಿ. ಗಡಿಗಳು ಬಂದ ಮೇಲೆ, ಯುದ್ಧ ಕಳೆದ ಮೇಲೆ, ಜರ್ಮನರಲ್ಲಿ ಹೆಚ್ಚಿನವರನ್ನು ಹೊರಹಾಕಿದರು. ಊರು ಒಂದೇ ಭಾಷೆಯದ್ದಾಯಿತು. ಗಡಿ ಮೊದಲು ದಾರಿಯನ್ನು ಕತ್ತರಿಸುತ್ತದೆ, ಆಮೇಲೆ ನಾಲಿಗೆಯನ್ನು.

ಆದರೂ ಎಲ್ಲ ಹೋಗಿಲ್ಲ. ಮೊರಾವಾ ದಾಟಿದ ಕೂಡಲೇ ಸಿಗುವ ನಿಲ್ದಾಣದ ಹೆಸರು ಡೆವಿನ್‌ಸ್ಕಾ ನೋವಾ ವೆಸ್. ಇದು ಹಳೆಯ ಕ್ರೊಯೇಷಿಯನ್ನರ ಊರು. 16ನೇ ಶತಮಾನದಲ್ಲಿ ತುರ್ಕಿಯ ಯುದ್ಧಗಳ ಕಾಲದಲ್ಲಿ ದಕ್ಷಿಣದಿಂದ ಬಂದು ನೆಲೆಸಿದವರು. ಅವರ ಭಾಷೆ ಆಡುವ ಹಳ್ಳಿಗಳು ಇಂದು ಆಸ್ಟ್ರಿಯಾ, ಹಂಗೇರಿ, ಸ್ಲೊವಾಕಿಯಾ ಮೂರೂ ದೇಶಗಳಲ್ಲಿ ಹಂಚಿಹೋಗಿವೆ. ಬ್ಯಾರಿ ಭಾಷೆ ತಲಪಾಡಿಯಲ್ಲಿ ಎರಡಾದ ಹಾಗೆ ಇವರದ್ದು ಮೂರಾಗಿದೆ. ಆ ಊರಿನಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಶಾಖೆಯಿದೆ, ಕ್ರೊಯೇಷಿಯನ್ನರ ಸಂಸ್ಕೃತಿಗೆಂದೇ. ಗಡಿಯ ಆಸ್ಟ್ರಿಯಾ ಕಡೆಯ ಕ್ರೊಯೇಷಿಯನ್ನರಿಗೆ 1955ರ ಒಪ್ಪಂದದಲ್ಲೇ ಭಾಷೆಯ ಹಕ್ಕು ಬರೆದುಕೊಟ್ಟಿದ್ದರು. ಊರ ಹೆಸರಿನ ಬೋರ್ಡು ಎರಡು ಭಾಷೆಯಲ್ಲಿ ನಿಂತದ್ದು 2000ದಲ್ಲಿ. ಕಾಗದದಿಂದ ಕಂಬಕ್ಕೆ ಬರಲು 45 ವರ್ಷ ಬೇಕಾಯಿತು. ಅಷ್ಟು ಸಮಯ ಕೇಳುತ್ತಲೇ ಇದ್ದರು ಎಂಬುದೇ ನಮಗೆ ಪಾಠ.

ಗಡಿ ಸಡಿಲವಾದ ಮೇಲೆ ಜನ ಏನು ಮಾಡಿದರು? ಮನೆ ಹುಡುಕಿದರು. ಬ್ರಾಟಿಸ್ಲಾವಾದಲ್ಲಿ ಮನೆಯ ಬೆಲೆ ಏರಿದಾಗ ಸ್ಲೊವಾಕ್ ಕುಟುಂಬಗಳು ಆಸ್ಟ್ರಿಯಾದ ಕಿಟ್ಸೆ, ಹೈನ್‌ಬುರ್ಗ್, ವೋಲ್ಫ್‌ಸ್ಟಾಲ್ ಊರುಗಳಲ್ಲಿ ಮನೆ ಮಾಡಿದವು. ಗಂಡ ಹೆಂಡತಿ ಕೆಲಸಕ್ಕೆ ಬ್ರಾಟಿಸ್ಲಾವಾಕ್ಕೆ ಬರುತ್ತಾರೆ, ಮಕ್ಕಳು ಆಸ್ಟ್ರಿಯಾದ ಶಾಲೆಯಲ್ಲಿ ಜರ್ಮನ್ ಕಲಿಯುತ್ತಾರೆ. ಇನ್ನೊಂದು ಕಡೆ ಸಾವಿರಾರು ಸ್ಲೊವಾಕ್ ಹೆಂಗಸರು ಆಸ್ಟ್ರಿಯಾದ ಮುದುಕ ಮುದುಕಿಯರನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಾರೆ. ಎರಡು ವಾರ ಅಲ್ಲಿ, ಎರಡು ವಾರ ತಮ್ಮ ಮನೆಯಲ್ಲಿ. ಗಲ್ಫಿಗೆ ಹೋಗಿ ಎರಡು ವರ್ಷಕ್ಕೊಮ್ಮೆ ಮಗುವಿನ ಮುಖ ನೋಡಿದ ನಮ್ಮ ತಂದೆಯಂದಿರಿಗೆ ಈ ಎರಡು ವಾರದ ಲೆಕ್ಕ ಕೇಳಿದರೆ ಹೊಟ್ಟೆಕಿಚ್ಚಾದೀತು.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಈ ಗಡಿಯೂ ಮುಚ್ಚಿತು. ವಿಯೆನ್ನಾ–ಬ್ರಾಟಿಸ್ಲಾವಾ ರೈಲು ನಿಂತಿತು. ಆರೈಕೆಯ ಹೆಂಗಸರು ಹೋದಲ್ಲೇ ಉಳಿದರು, ಅವರ ಪಾಳಿ ಬದಲಿಸುವವರು ಬರಲಾಗದೆ ಒದ್ದಾಡಿದರು. ಆದರೆ ಗಡಿಯ ಹತ್ತಿರವಿದ್ದು ದಿನಾ ಕೆಲಸಕ್ಕೆ ದಾಟುವವರಿಗೆ ಕಾಗದ ತೋರಿಸಿ ಹೋಗಿ ಬರುವ ದಾರಿಯನ್ನು ಉಳಿಸಿದ್ದರು. ತೊಂದರೆಯಿತ್ತು, ಸಾಲು ಇತ್ತು. ಆದರೂ ಹೊಟ್ಟೆಪಾಡು ಎರಡೂ ಕಡೆ ಇರುವ ಒಂದು ವರ್ಗದ ಜನ ಇದ್ದಾರೆ ಎಂದು ಸರ್ಕಾರಗಳು ಒಪ್ಪಿಕೊಂಡಿದ್ದವು.

ಅದೇ ಮಾರ್ಚಿನಲ್ಲಿ ತಲಪಾಡಿಯಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಎರಡು ದೇಶಗಳಲ್ಲ, ಒಂದೇ ದೇಶದ ಎರಡು ರಾಜ್ಯಗಳು. ಹೆದ್ದಾರಿಗೆ ತಡೆ ಬಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳು ತಿರುಗಿ ಹೋದವು. ಕಾಸರಗೋಡಿನಲ್ಲಿ ಹಲವರು ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ತೀರಿಕೊಂಡ ಸುದ್ದಿ ದಿನಾ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಯಬೇಕೆಂದು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆ ಒಪ್ಪಿಗೆ ಆದದ್ದು ಏಪ್ರಿಲ್ 7ರಂದು. ಎರಡು ದೇಶಗಳ ನಡುವೆ ಉಳಿದ ದಾರಿ ಎರಡು ರಾಜ್ಯಗಳ ನಡುವೆ ಉಳಿಯಲಿಲ್ಲ. ಈ ಮಾತು ನನಗೆ ಇಂದಿಗೂ ಅರಗಿಲ್ಲ.

ಹಾಗೆಂದು ಯುರೋಪನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಬಂದವನಲ್ಲ. ವಿಯೆನ್ನಾದಲ್ಲಿ ಡ್ಯಾನ್ಯೂಬಿನ ಹತ್ತಿರ ಮಿನಾರ ಇರುವ ದೊಡ್ಡ ಮಸೀದಿ 1979ರಿಂದ ಇದೆ. ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡ ಮೇಲೆ 1912ರಲ್ಲೇ ಇಸ್ಲಾಮಿಗೆ ಕಾನೂನಿನ ಮಾನ್ಯತೆ ಕೊಟ್ಟ ದೇಶ. ಒಂದು ಗಂಟೆ ರೈಲಿನಲ್ಲಿ ಕುಳಿತು ಬ್ರಾಟಿಸ್ಲಾವಾದಲ್ಲಿ ಇಳಿದರೆ, ಯುರೋಪಿಯನ್ ಒಕ್ಕೂಟದಲ್ಲಿ ಅಧಿಕೃತ ಮಸೀದಿ ಇಲ್ಲದ ದೇಶ. ಒಂದು ಧರ್ಮಕ್ಕೆ ಸರ್ಕಾರದ ಮಾನ್ಯತೆ ಬೇಕಿದ್ದರೆ ಅಲ್ಲಿ ಮೊದಲು 20,000 ಅನುಯಾಯಿಗಳು ಬೇಕಿತ್ತು, 2017ರಿಂದ ಅದನ್ನು 50,000 ಮಾಡಿದ್ದಾರೆ. ಅಲ್ಲಿರುವ ಮುಸ್ಲಿಮರು ಕೆಲವೇ ಸಾವಿರ. ಲೆಕ್ಕ ಯಾರನ್ನು ಮನಸ್ಸಿನಲ್ಲಿಟ್ಟು ಹಾಕಿದ್ದೆಂದು ಹೇಳಲು ಗಣಿತದ ಮೇಷ್ಟ್ರು ಬೇಡ. ಬಾಡಿಗೆ ಕೋಣೆಗಳಲ್ಲಿ ನಮಾಝ್ ನಡೆಯುತ್ತದೆ. ನಾವು ಲುಹರ್ ಮಾಡಿದ್ದು ನದಿ ದಡದ ಪಾರ್ಕಿನ ಮೂಲೆಯಲ್ಲಿ. ಯಾರೂ ತೊಂದರೆ ಕೊಡಲಿಲ್ಲ, ಒಬ್ಬ ಅಜ್ಜಿ ನಾಯಿಯನ್ನು ಎಳೆದು ದೂರ ಹಿಡಿದುಕೊಂಡರು. ಜನ ಕೆಟ್ಟವರಲ್ಲ. ಕಾನೂನು ಕಿರಿದು. ರೈಲು ತೆರೆದ ಬಾಗಿಲನ್ನು ಇನ್ನೊಂದು ಕಚೇರಿ ಹಿಂದಿನಿಂದ ಮುಚ್ಚಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ದಾರಿ ತೆರೆದಿದೆ ಎಂದರೆ ಅರ್ಧ ಕೆಲಸ ಆಯಿತು. ಆಚೆ ಕಡೆ ಇಳಿದವನಿಗೆ, ಅಲ್ಲೇ ಇರುವ ಅಲ್ಪನಿಗೆ, ನಿಲ್ಲಲು ಜಾಗವಿದೆಯೇ ಎಂಬುದು ಉಳಿದ ಅರ್ಧ.

ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ: ಅವರು ಶ್ರೀಮಂತರು, ಅವರ ಜೊತೆ ನಮ್ಮನ್ನು ಹೋಲಿಸಬಾರದು. ಸರಿ, ಹಣ ಬೇಕಾಗುವುದನ್ನು ಬಿಡೋಣ. ಹಣ ಬೇಡದ್ದನ್ನು ಕೇಳೋಣ. ಮಂಗಳೂರು–ಕಾಸರಗೋಡು ಹಳಿ ಬ್ರಿಟಿಷರ ಕಾಲದ್ದು. ಇಂದಿಗೂ ಮಂಗಳೂರು ಸೆಂಟ್ರಲ್ ನಿಲ್ದಾಣವೂ ಕಾಸರಗೋಡು ನಿಲ್ದಾಣವೂ ಒಂದೇ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. 1956ರ ನವೆಂಬರ್ 1ರ ಗೆರೆಯನ್ನು ರೈಲು ಯಾವತ್ತೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದದ್ದು ಬಸ್ಸು, ಶಾಲೆ, ಆಸ್ಪತ್ರೆಯ ಕಾರ್ಡು. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆ ರಾಜ್ಯದ ನಿವಾಸಿಗಳಿಗೆ, ಆ ರಾಜ್ಯದ ಒಳಗೆ ಮಾತ್ರ. ಒಂದೇ ಉಮ್ಮನ ಇಬ್ಬರು ಹೆಣ್ಣುಮಕ್ಕಳಲ್ಲಿ ಉಳ್ಳಾಲಕ್ಕೆ ಕೊಟ್ಟವಳಿಗೆ ಅದು ಇದೆ, ಉಪ್ಪಳಕ್ಕೆ ಕೊಟ್ಟವಳಿಗೆ ಇಲ್ಲ. ಆಸ್ಟ್ರಿಯಾದ ಟಿಕೆಟ್ಟನ್ನು ಸ್ಲೊವಾಕಿಯಾದ ಬಸ್ಸು ಒಪ್ಪುತ್ತದೆ ಎಂದೆನಲ್ಲ, ಅದನ್ನು ನೆನಪಿಡಿ ಎಂದದ್ದು ಇದಕ್ಕೆ. ಇದು ಹಣದ ಮಾತಿಗಿಂತ ಎರಡು ಕಚೇರಿಗಳು ಕುಳಿತು ಮಾತಾಡುವ ಮಾತು.

ನಮ್ಮ ಬೇಡಿಕೆ ಗಡಿ ಅಳಿಸಿ ಎಂದಾಗಬೇಕಿಲ್ಲ. ಯಾವ ರಾಜ್ಯಕ್ಕೆ ಯಾವ ತಾಲೂಕು ಎಂಬ ವಾದದಲ್ಲಿ ಎರಡು ತಲೆಮಾರು ಕಳೆದಿದೆ. ನಾವು ಕೇಳಬೇಕಾದದ್ದು ಮೂರು. ಏನೇ ವಿಪತ್ತು ಬಂದರೂ ರೋಗಿಯ ವಾಹನಕ್ಕೆ ತಲಪಾಡಿ ಮುಚ್ಚುವುದಿಲ್ಲ ಎಂದು ಎರಡೂ ಸರ್ಕಾರಗಳು ಈಗಲೇ, ಶಾಂತಿಯ ಕಾಲದಲ್ಲೇ, ಬರೆದು ಸಹಿ ಹಾಕಲಿ. ಬೆಳಿಗ್ಗೆ ಹೋಗಿ ಸಂಜೆ ಬರುವ ವಿದ್ಯಾರ್ಥಿಗಳಿಗೂ ಕೆಲಸದವರಿಗೂ ಹೊಂದುವ ಹೊತ್ತಿನ ರೈಲು, ಅದಕ್ಕೆ ತಾಗಿ ಬಸ್ಸು, ಸಾಧ್ಯವಾದರೆ ಎರಡಕ್ಕೂ ಒಂದೇ ಪಾಸು ಬರಲಿ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿರಲಿ, ಬ್ಯಾರಿಗೆ ಕರ್ನಾಟಕದಲ್ಲಿ 2007ರಿಂದ ಅಕಾಡೆಮಿ ಇರುವ ಹಾಗೆ ಮಂಜೇಶ್ವರದ ಬ್ಯಾರಿ ಮಗುವಿಗೂ ಅದರ ಪುಸ್ತಕ, ಅದರ ವೇದಿಕೆ ತಲುಪಲಿ. ಜಮಾಅತ್ ಕಮಿಟಿಗಳು, ಪಂಚಾಯತ್ ಸದಸ್ಯರು ಪಕ್ಷ ಬಿಟ್ಟು ಈ ಮೂರನ್ನು ಒಂದೇ ಅರ್ಜಿಯಲ್ಲಿ ಬರೆಯಬಹುದು. ಚುನಾವಣೆಯ ಸಮಯಕ್ಕೆ ಕಾಯಬೇಕಾಗಿಲ್ಲ.

ಮಕ್ಕಳು ಯುರೋಪಿನಲ್ಲಿ ಓದುತ್ತಿರುವ ಮನೆಗಳು ಈಗ ನಮ್ಮಲ್ಲಿ ಹೆಚ್ಚುತ್ತಿವೆ. ನೋಡಲು ಹೋದವರು ವಿಯೆನ್ನಾದ ಅರಮನೆಗಳನ್ನು ನೋಡಿ, ಒಂದು ದಿನವನ್ನು ಈ ರೈಲಿಗೂ ಕೊಡಿ. ನದಿ ದಾಟುವಾಗ ಮೊಮ್ಮಕ್ಕಳಿಗೆ ಹೇಳಿ: ಇಲ್ಲಿ ಒಂದು ಕಾಲದಲ್ಲಿ ಗುಂಡು ಹಾರುತ್ತಿತ್ತು, ಅದನ್ನು ನಿಲ್ಲಿಸಿದ್ದು ನಡೆದುಕೊಂಡು ಹೊರಟ ಜನ. ಊರಿಗೆ ಬಂದ ಮೇಲೆ ಆ ಅರ್ಜಿಗೆ ಅವರಿಂದಲೂ ಒಂದು ಸಹಿ ಹಾಕಿಸಿ.